ಇನ್ನೊಬ್ಬಳ ಕುಂಬಸಾರ

ಆ ಹೆಂಗಸು ಏನು ಹೇಳಿದಳು ಎಂಬುದು ಈ ಬರಹದಲ್ಲಿ ಇಲ್ಲ. ಅದಕ್ಕಾಗಿ ಓದುವವರು ಇಲ್ಲಿಗೇ ನಿಲ್ಲಿಸಬಹುದು. ಅವಳ ಮಾತು ಕೇಳಿಸಿಕೊಂಡವರು ಇಬ್ಬರು. ಒಬ್ಬರು ರೋಮನ್ ಕೆಥೊಲಿಕ್ ಪಾದ್ರಿಗಳು, ಇನ್ನೊಬ್ಬಳು ನಾನು. ಪಾದ್ರಿಗಳು ತೀರಿಕೊಂಡು ಬಹಳ ಕಾಲವಾಯಿತು. ನಾನಿದ್ದೇನೆ, ನೆನಪೂ ಗಟ್ಟಿಯಾಗಿಯೇ ಉಂಟು. ಆ ಮಾತಿನ ಸುತ್ತ ಏನೇನಾಯಿತು ಎಂಬುದನ್ನಷ್ಟೇ ಬರೆಯುತ್ತೇನೆ.

ನನ್ನ ಅಜ್ಜ ಕಳ್ಳು ಇಳಿಸುತ್ತಿದ್ದವರು. ಜರ್ಮನರ ಪ್ರೊಟೆಸ್ಟೆಂಟ್ ಮಿಶನಿಗೆ ಸೇರಿ ಕಿರಿಸ್ತಾನರಾದ ಮೇಲೆ ಕತ್ತಿ ಬಿಟ್ಟು ಮಿಶನಿನ ಹಂಚಿನ ಕಾರ್ಖಾನೆಯ ಮಣ್ಣು ತುಳಿದರು. ಅಪ್ಪನೂ ಅದೇ ಕೆಲಸಕ್ಕೆ ಬಿದ್ದವರು. ಅವರನ್ನು ಕಣ್ಣೂರಿನ ಕಡೆಯ ಕಾರ್ಖಾನೆಗೆ ಕಳುಹಿಸಿದ್ದರಿಂದ ನನ್ನ ಮೊದಲ ಅಕ್ಷರಗಳು ಮಲಯಾಳದವು. ಅಪ್ಪನ ಎದೆಯಲ್ಲಿ ಧೂಳು ಕೂತು ಕೆಮ್ಮು ಶುರುವಾದಾಗ ಊರಿಗೆ ಮರಳಿದೆವು. ಬಂಟ್ವಾಳದ ಹೊಳೆಬದಿಯ ಒಂದು ಕಾರ್ಖಾನೆಯಲ್ಲಿ ಅಪ್ಪನಿಗೆ ಲೆಕ್ಕದ ಕೆಲಸ ಸಿಕ್ಕಿತು, ಅಮ್ಮನಿಗೆ ಹಸಿ ಹಂಚು ಹೊರುವ ಕೆಲಸ. ನನ್ನನ್ನು ಮೂಡುಬಿದಿರೆಯ ದೊಡ್ಡಮ್ಮನ ಮನೆಯಲ್ಲಿ ಶಾಲೆಗೆ ಬಿಟ್ಟರು. ನನ್ನ ವಯಸ್ಸಿನವರು ಪ್ರಬಂಧ ಬರೆಯುವಾಗ ನಾನು ಕನ್ನಡದ ಕಾಗುಣಿತ ತಿದ್ದುತ್ತಿದ್ದೆ. ಆದರೂ ಓದಿದೆ. ಮಂಗಳೂರಿನಲ್ಲಿ ಹಾಸ್ಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆದು ಕಾಲೇಜಿಗೆ ಹೋದೆ. ಮಳೆಗಾಲದಲ್ಲಿ ಸೀರೆ ಒಣಗದಿದ್ದರೆ ಒದ್ದೆಯದನ್ನೇ ಉಟ್ಟು ಬೆಂಚಿನ ತುದಿಯಲ್ಲಿ ಕೂರುತ್ತಿದ್ದೆ, ಪಕ್ಕದವಳಿಗೆ ತಾಗಬಾರದೆಂದು. ನಮ್ಮ ಕುಟುಂಬದಲ್ಲಿ ಗಂಡು ಹೆಣ್ಣು ಎಲ್ಲರನ್ನೂ ಸೇರಿಸಿದರೂ ಬಿ.ಎ. ಮಾಡಿದವರಲ್ಲಿ ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಸುಮ್ಮನೆ ಸಿಕ್ಕಿದ್ದಲ್ಲ.

ನನಗೆ ಸಿಕ್ಕಿದ ಕೆಲಸ ಬೆಳ್ತಂಗಡಿಯಿಂದಲೂ ಆಚೆ, ಘಟ್ಟದ ಬುಡದ ಒಂದು ಹಳ್ಳಿಯ ಎಲಿಮೆಂಟರಿ ಶಾಲೆಯಲ್ಲಿ. ಶಿಕ್ಷಕರ ತರಬೇತಿಯ ಬಿ.ಟಿ. ಇಲ್ಲದೆ ಹೈಸ್ಕೂಲಿಗೆ ತೆಗೆದುಕೊಳ್ಳುತ್ತಿರಲಿಲ್ಲ. ಬಿ.ಟಿ. ಮುಗಿಯುವವರೆಗೆ ಕಾಯಲು ಅಪ್ಪನ ಕೆಮ್ಮು ಬಿಡುತ್ತಿರಲಿಲ್ಲ. ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಕೆಲವು ವರ್ಷಗಳಾಗಿದ್ದವು. ಶಾಲೆ ನಡೆಸುತ್ತಿದ್ದ ಜೈನ ಯಜಮಾನರು ತಮ್ಮ ಮನೆಯ ಹಳೆಯ ಭತ್ತದ ಕೋಣೆಯನ್ನು ನನಗೆ ಬಿಟ್ಟುಕೊಟ್ಟರು.

ಊರಿನವರ ಕಣ್ಣಿಗೆ ಕಿರಿಸ್ತಾನರೆಂದರೆ ಎಲ್ಲ ಒಂದೇ. ಅಂಗಡಿಯವನು ಮೊದಲ ದಿನವೇ ಕೇಳಿದ್ದ.

"ಟೀಚರಮ್ಮ ಕಿರಿಸ್ತಾನರಲ್ವ? ಹಾಗಾದ್ರೆ ನಮ್ಮ ಇಗರ್ಜಿಯ ಪೊರ್ಬುಗಳಿಗೆಲ್ಲ ನೆಂಟರಾಗಬೇಕು."

ಪೊರ್ಬುಗಳೆಂದರೆ ಕೊಂಕಣಿ ಮಾತಾಡುವ ಕೆಥೊಲಿಕರು, ಇಗರ್ಜಿ ಅವರ ಚರ್ಚು. ನೆಂಟಸ್ತಿಕೆ ಎಷ್ಟಿತ್ತೆಂದರೆ, ರಸ್ತೆಬದಿಯಲ್ಲಿ ಅವರ ಶಿಲುಬೆ ಕಂಡರೆ ನನ್ನ ಅಮ್ಮ ಮುಖ ತಿರುಗಿಸಿ ನಡೆಯುತ್ತಿದ್ದಳು. ಅವರ ಪೂಜೆ ಲ್ಯಾಟಿನಿನಲ್ಲಿ, ನಮ್ಮ ಪ್ರಾರ್ಥನೆ ಕನ್ನಡದಲ್ಲಿ. ಅವರ ಇಗರ್ಜಿಯ ತುಂಬ ಸಂತರ ಪ್ರತಿಮೆಗಳು, ನಮ್ಮ ದೇವಾಲಯದಲ್ಲಿ ಬರೀ ಸುಣ್ಣದ ಗೋಡೆ. "ಅವರಿಗೆ ಬೊಂಬೆ ಇಲ್ಲದೆ ದೇವರು ಕಾಣುವುದಿಲ್ಲ" ಎಂದು ನಮ್ಮವರು. "ಪಾಪ, ತಾಯಿ ಇಲ್ಲದ ಮಕ್ಕಳು" ಎಂದು ಅವರು. ಮರಿಯಮ್ಮನನ್ನು ನಾವು ಬೇಡಿಕೊಳ್ಳುವುದಿಲ್ಲವಲ್ಲ, ಅದಕ್ಕೆ. ಈ ಕಡೆಯ ಹುಡುಗಿ ಆ ಕಡೆಯ ಹುಡುಗನನ್ನು ಮದುವೆಯಾದರೆ ಎರಡೂ ಮನೆಯವರು ಸೂತಕದ ಮನೆಯಂತೆ ಬಾಗಿಲು ಹಾಕಿ ಕೂರುತ್ತಿದ್ದರು.

ಇದರ ನಡುವೆ ಮೂರನೆಯವರು ಬಂದರು. ತಿರುವಾಂಕೂರಿನ ಕಡೆಯ ಮಲಯಾಳಿ ಕಿರಿಸ್ತಾನರು. ಕಾಡಂಚಿನ ಗುಡ್ಡ ಕೊಂಡು, ಕಡಿದು, ಮರಗೆಣಸು ನೆಟ್ಟು, ಆಮೇಲೆ ರಬ್ಬರ್ ಸಸಿ ಇಡುತ್ತಿದ್ದರು. ಇವರಲ್ಲೂ ಹೆಚ್ಚಿನವರು ಪೋಪರನ್ನು ಒಪ್ಪುವವರೇ, ಆದರೆ ಇವರ ಪೂಜೆ ಸುರಿಯಾನಿ ಭಾಷೆಯದು. ಸ್ವಂತ ಪಾದ್ರಿ ತಿಂಗಳಿಗೊಮ್ಮೆ ದಕ್ಷಿಣದಿಂದ ಬರುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಬೆಳಿಗ್ಗೆ ಹೊರಟು ಕೊಂಕಣಿಯವರ ಇಗರ್ಜಿಗೆ ನಡೆದು ಹೋಗಿ ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದರು.

ನಾನು ಹೇಳುತ್ತಿರುವ ಹೆಂಗಸು ಅವರಲ್ಲಿ ಒಬ್ಬಳು. ಗಂಡ ಮುಂಚೆಯೇ ಬಂದು ಗುಡ್ಡ ಕಡಿದು ಗುಡಿಸಲು ಕಟ್ಟಿದ್ದ, ಇವಳು ತಡವಾಗಿ ಬಂದಳು. ಬಿಳಿ ಮುಂಡು, ಚಟ್ಟೆ ಎಂಬ ಸಡಿಲವಾದ ಬಿಳಿ ರವಿಕೆ. ನನಗೆ ಮಲಯಾಳ ಬರುತ್ತದೆಂದು ಯಾರೋ ಹೇಳಿದ ಮೇಲೆ ಸಂತೆಯ ದಿನ ತಪ್ಪದೆ ಶಾಲೆಯ ಜಗಲಿಗೆ ಬಂದು ಕೂರುತ್ತಿದ್ದಳು. ಕೈಯಲ್ಲಿ ಮರಗೆಣಸಿನ ಗಂಟು. ಅದನ್ನು ಕೊಡುವುದು ಒಂದು ನೆಪ, ಬಂದದ್ದು ಮಾತಾಡಲಿಕ್ಕೆ. ಇಡೀ ವಾರ ಯಾರ ಹತ್ತಿರವೂ ಮಾತಾಡದವಳ ಮಾತು ಹೇಗೆ ಹರಿಯುತ್ತದೆಂದು ನಾನು ನೋಡಿದ್ದೇನೆ.

"ನಮ್ಮವರು ಏಸುವಿನ ಶಿಷ್ಯನ ಕೈಯಿಂದಲೇ ನೀರು ಹಾಕಿಸಿಕೊಂಡು ಕಿರಿಸ್ತಾನರಾದವರು, ಗೊತ್ತುಂಟಾ ಟೀಚರೇ? ನಿಮ್ಮವರು?"

"ನಮ್ಮಜ್ಜ ಒಬ್ಬ ಜರ್ಮನ್ ದೊರೆಯ ಕೈಯಿಂದ."

"ಅಯ್ಯೋ, ಮೊನ್ನೆ ಮೊನ್ನೆ!" ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಗುವಳು.

"ಇಗರ್ಜಿಯಲ್ಲಿ ಪಾದ್ರಿಗಳು ಹೇಳುವ ಲ್ಯಾಟಿನ್ ನಿನಗೆ ಏನಾದರೂ ತಿಳಿಯುತ್ತದಾ?" ಎಂದು ನಾನು ಕೇಳಿದ್ದೆ.

"ಇಲ್ಲ. ಸುರಿಯಾನಿಯೂ ತಿಳಿಯುವುದಿಲ್ಲ. ಆದ್ರೆ ಅದು ನಮ್ಮದೇ ತಿಳಿಯದ ಭಾಷೆ. ಇದು ಅವರ ತಿಳಿಯದ ಭಾಷೆ. ವ್ಯತ್ಯಾಸ ಉಂಟಲ್ವ?"

ಇನ್ನೊಂದು ದಿನ ಅವಳೇ ನಮ್ಮ ದೇವಾಲಯದ ವಿಷಯ ಕೇಳಿದಳು. "ನಿಮ್ಮ ಪಳ್ಳಿಯಲ್ಲಿ ಮಾತಾವು, ಮರಿಯಮ್ಮ, ಇಲ್ವಂತೆ. ಹಾಗಾದ್ರೆ ಅಳು ಬಂದಾಗ ಯಾರ ಹತ್ತಿರ ಅಳ್ತೀರಿ?"

"ನೇರ ದೇವರ ಹತ್ತಿರ."

"ಗಂಡಸರ ಹತ್ತಿರ ಎಲ್ಲವನ್ನೂ ಹೇಳ್ಲಿಕ್ಕೆ ಆಗ್ತದಾ ಟೀಚರೇ?"

ಆಗ ನಾನು ನಕ್ಕೆ.

ಅವಳ ಹೆರಿಗೆ ಡಿಸೆಂಬರಿನ ಸುಮಾರಿಗೆ ಆಯಿತು. ಹೆಣ್ಣು ಮಗು. ಗುಡಿಸಲಿನಲ್ಲೇ ಹೆತ್ತಳು, ಪಕ್ಕದ ಗುಡ್ಡದ ಮಲಯಾಳಿ ಹೆಂಗಸೊಬ್ಬಳು ನೋಡಿಕೊಂಡಳು. ವಾರ ಕಳೆಯುವುದರೊಳಗೆ ಬಾಣಂತಿ ನಂಜು ಏರಿತು. ಬೆಳ್ತಂಗಡಿಯಿಂದ ಡಾಕ್ಟರು ಬಂದು ಸೂಜಿ ಹಾಕಿ, ಹೊರಗೆ ಬಂದು ಗಂಡನ ಹತ್ತಿರ, "ಪಾದ್ರಿಗಳನ್ನು ಕರೆಸುವುದಿದ್ರೆ ಕರೆಸಿ" ಎಂದು ಹೇಳಿ ಹೋದರಂತೆ. ಅವರ ಸ್ವಂತ ಪಾದ್ರಿ ಬರಲು ಇನ್ನೂ ಬಹಳ ದಿನವಿತ್ತು. ಗಂಡ ಕೊಂಕಣಿಯವರ ಇಗರ್ಜಿಗೆ ಓಡಿದ.

ನಾನು ಮೂರನೆಯ ತರಗತಿಗೆ ಮಗ್ಗಿ ಹೇಳಿಸುತ್ತಿದ್ದಾಗ ಇಗರ್ಜಿಯ ಗಂಟೆ ಹೊಡೆಯುವ ಮುದುಕ ಏದುಸಿರು ಬಿಡುತ್ತ ಬಾಗಿಲಿಗೆ ಬಂದ.

"ಟೀಚರಮ್ಮ, ಒಮ್ಮೆ ಬರಬೇಕಂತೆ. ಫಾದರ್ ಕರೀತಾರೆ. ಆ ಮಲಯಾಳಿ ಹೆಂಗಸಿಗೆ ಕುಮ್ಸಾರ್ ಬೇಕಂತೆ. ನಮ್ಮ ಫಾದರಿಗೆ ಆ ಭಾಷೆ ಬರುವುದಿಲ್ಲ ಮಾರಾಯ್ರೆ."

ಪಾದ್ರಿಯ ಎದುರು ಪಾಪ ಹೇಳಿಕೊಂಡು ಕ್ಷಮೆ ಪಡೆಯುವುದಕ್ಕೆ ಕೊಂಕಣಿಯಲ್ಲಿ ಕುಮ್ಸಾರ್, ಮಲಯಾಳದಲ್ಲಿ ಕುಂಬಸಾರ. ಅವಳಿಗೂ ಪಾದ್ರಿಗೂ ನಡುವೆ ಇದ್ದ ಒಂದೇ ಮಾತು ಅದು. ನಮ್ಮ ಸಭೆಯಲ್ಲಿ ಆ ಮಾತೂ ಇಲ್ಲ, ಆ ಪದ್ಧತಿಯೂ ಇಲ್ಲ.

ನಾನು ಹೋದಾಗ ಪಾದ್ರಿಗಳು ಗುಡಿಸಲಿನ ಹೊರಗೆ ನಿಂತಿದ್ದರು. ವಯಸ್ಸಾದವರು, ನಿಲುವಂಗಿಯ ಅಂಚಿಗೆಲ್ಲ ಕೆಂಪು ಧೂಳು. ಗಂಡ ಸ್ವಲ್ಪ ದೂರದಲ್ಲಿ ಮರದ ಬೊಡ್ಡೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಅವನಿಗೆ ಸಂತೆಯ ಕನ್ನಡ ಬರುತ್ತಿತ್ತು, ಹೇಗೋ ಹೇಳಿಬಿಡಬಹುದಿತ್ತು. ಅವನು, "ನಾನೇ ಹೇಳ್ತೇನೆ ಫಾದರ್" ಎಂದಾಗ ಅವಳು ಗೋಡೆಯ ಕಡೆಗೆ ಮುಖ ತಿರುಗಿಸಿ ಬಾಯಿ ಮುಚ್ಚಿಕೊಂಡಳಂತೆ. ಮತ್ತೆ ಬಾಯಿ ತೆರೆದದ್ದು "ಟೀಚರ್" ಎನ್ನಲಿಕ್ಕೆ.

ಮುಂದಿನದಕ್ಕೆಲ್ಲ ಬೀಜ ಅದೇ. ಗಂಡ ಕಿವುಡನಾಗಿರಲಿಲ್ಲ, ದಡ್ಡನೂ ಆಗಿರಲಿಲ್ಲ.

"ನೀವು ಮಿಶನಿನವರಲ್ವ ಟೀಚರಮ್ಮ?" ಎಂದು ಪಾದ್ರಿಗಳು ಕೇಳಿದರು.

"ಹೌದು."

"ಬೇರೆಯವರು ಇದ್ದಿದ್ರೆ ನಿಮ್ಮನ್ನು ಕರೀತಿರಲಿಲ್ಲ. ಮಾತಿಲ್ಲದೆಯೂ ಪಾಪಕ್ಷಮೆ ಕೊಡ್ಲಿಕ್ಕೆ ನನಗೆ ಅಧಿಕಾರ ಉಂಟು. ಸಾಯುವವಳು ಎದೆ ಮುಟ್ಟಿಕೊಂಡ್ರೂ ಸಾಕು. ಕೈಸನ್ನೆಯಲ್ಲಿ ಹೇಳಿ ನೋಡಿದೆ, ಅವಳು ಒಪ್ಪುವುದಿಲ್ಲ. ನೀವೊಮ್ಮೆ ಹೇಳಿ."

ನಾನು ಒಳಗೆ ಹೋಗಿ ಹೇಳಿದೆ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ, ಕಣ್ಣು ಮಾತ್ರ ಎಚ್ಚರವಾಗಿತ್ತು.

"ಈ ಊರಿಗೆ ಬಂದ ಮೇಲೆ ಕೈಸನ್ನೆಯಲ್ಲೇ ಬದುಕಿದ್ದಾಯ್ತು ಟೀಚರೇ. ಇದೊಂದನ್ನಾದರೂ ಬಾಯಿಬಿಟ್ಟು ಹೇಳ್ತೇನೆ" ಎಂದಳು.

ಪಾದ್ರಿಗಳು ನನ್ನನ್ನು ಬಾಗಿಲಿನ ಹತ್ತಿರ ನಿಲ್ಲಿಸಿ ನಿಯಮ ಹೇಳಿದರು. ಕುಮ್ಸಾರಿನಲ್ಲಿ ಕೇಳಿದ್ದು ಕಿವಿಯಲ್ಲೇ ಸಾಯಬೇಕು. ನಡುವೆ ಕೂತು ಭಾಷೆ ಬದಲಿಸುವವರಿಗೂ ಅದೇ ಕಟ್ಟು. ರಾಜನೇ ಕೇಳಲಿ, ಗಂಡನೇ ಕೇಳಲಿ, ಪ್ರಾಣವೇ ಹೋಗಲಿ. "ಶಿಲುಬೆ ಮುಟ್ಟಿ ಹೇಳ್ತೀರಾ?"

"ನಾವು ಶಿಲುಬೆ ಮುಟ್ಟಿ ಆಣೆ ಹಾಕುವವರಲ್ಲ ಫಾದರ್. ಹೇಳುವುದಿಲ್ಲ ಅಂದ್ರೆ ಹೇಳುವುದಿಲ್ಲ."

ಅವರು ಶಿಲುಬೆಯನ್ನು ನಿಲುವಂಗಿಯೊಳಗೆ ಇಟ್ಟುಕೊಂಡರು. "ಸಾಕು," ಎಂದರು. "ಇನ್ನೊಂದು ವಿಷಯ. 'ಅವಳು ಹೀಗೆ ಮಾಡಿದಳಂತೆ' ಎಂದು ಹೇಳಬೇಡಿ. ಅವಳು ಹೇಗೆ ಹೇಳ್ತಾಳೋ ಹಾಗೆಯೇ ಹೇಳಿ."

ಹಾಗೆ ನಾನು ಅವಳ ಚಾಪೆಯ ಪಕ್ಕ ಕೂತು, ಅವಳ ಬಾಯಿಯ ಮಾತನ್ನು ನನ್ನ ಬಾಯಿಯಲ್ಲಿ 'ನಾನು', 'ನಾನು' ಎಂದು ಹೇಳಿದೆ. ಪಾದ್ರಿಗಳು ಮುಖದ ಒಂದು ಬದಿಗೆ ಕೈ ಅಡ್ಡ ಹಿಡಿದು ನೆಲ ನೋಡುತ್ತ ಕೇಳಿದರು. ಅವರ ಮನೆಮಾತು ಕೊಂಕಣಿ, ನನ್ನದು ತುಳು, ಅವಳದು ಮಲಯಾಳ. ಯಾರದೂ ಅಲ್ಲದ ಶಾಲೆಯ ಕನ್ನಡದಲ್ಲಿ ಆ ಪಾಪ ದಾಟಿತು. ನಾನು ಕಷ್ಟಪಟ್ಟು ಕಲಿತ ಕನ್ನಡ, ಪ್ರಬಂಧದ ಕನ್ನಡ. ಕೆಲವು ಸಂಗತಿಗಳಿಗೆ ಅದರಲ್ಲಿ ಮಾತೇ ಇರಲಿಲ್ಲ, ಸುತ್ತಿ ಬಳಸಿ ಹೇಳಬೇಕಾಯಿತು. ಅವಳು ತಡೆದು ತಡೆದು ಹೇಳಿದಳು. ಒಂದು ಕಡೆ ನಾನು ನಿಂತೆ. ಪಾದ್ರಿಗಳು ತಲೆ ಎತ್ತದೆ, "ಮುಂದೆ" ಎಂದರು. ಹೇಳಿದೆ. ಆಮೇಲೆ ಅವರು ಲ್ಯಾಟಿನಿನಲ್ಲಿ ಕ್ಷಮೆಯ ಮಾತು ಹೇಳಿದರು. ಅದನ್ನು ನಾನು ಬದಲಿಸಬೇಕಾಗಿರಲಿಲ್ಲ.

ಎಲ್ಲ ಮುಗಿದು ಪಾದ್ರಿಗಳು ಎದ್ದು ಸಾಯುವವರ ಹಣೆಗೆ ಹಚ್ಚುವ ಎಣ್ಣೆಯ ಭರಣಿ ತೆಗೆಯುವಾಗ ಅವಳು ನನ್ನ ಕೈ ಹಿಡಿದಳು. "ಹೊರಗೆ ಬಿಸಿಲಿನಲ್ಲಿ ಕೂತಿರಬೇಕು ಅವರು. ತಲೆಗೆ ಏನಾದರೂ ಹಾಕಿಕೊಳ್ಳಲಿಕ್ಕೆ ಹೇಳಿ." ಇದನ್ನು ಬರೆಯಬಹುದು. ಇದು ಕುಂಬಸಾರ ಮುಗಿದ ಮೇಲಿನ ಮಾತು.

ಮಗುವೂ ಸೊರಗಿತ್ತು. ಈಗಲೇ ದೀಕ್ಷಾಸ್ನಾನ ಕೊಟ್ಟುಬಿಡುವ ಎಂದು ಪಾದ್ರಿಗಳು ಗಂಡನನ್ನು ಒಳಗೆ ಕರೆದರು. ಮಗು ನನ್ನ ಕೈಯಲ್ಲಿತ್ತು. ಪಾದ್ರಿಗಳು ನೀರಿನ ಲೋಟ ಹಿಡಿದು ನನ್ನ ಎದುರು ಬಂದವರು ನಿಂತುಬಿಟ್ಟರು.

"ನಿಮ್ಮ ಕೈಯಲ್ಲಿ ಆಗ್ಲಿಕ್ಕಿಲ್ಲ. ಸ್ನಾನದ ಹೊತ್ತಿಗೆ ಮಗು ಹಿಡಿಯುವ ಜ್ಞಾನತಾಯಿ ನಮ್ಮವರೇ ಆಗ್ಬೇಕು."

ಹೆರಿಗೆ ನೋಡಿಕೊಂಡ ನೆರೆಯ ಹೆಂಗಸು ಕೈ ಚಾಚಿದಳು. "ಇವಳು ಸರಿಯಲ್ವ?" ಎಂದು ಪಾದ್ರಿಗಳು ನನ್ನ ಹತ್ತಿರ ಕೇಳಿದರು. ನಾನು ವಿಚಾರಿಸಿದೆ. ಅವಳು ಯಾಕೋಬಾಯದವಳು. ಪೋಪರನ್ನು ಒಪ್ಪದ ಇನ್ನೊಂದು ಸುರಿಯಾನಿ ಸಭೆ ಅದು.

"ಅದೂ ಆಗ್ಲಿಕ್ಕಿಲ್ಲ," ಎಂದು ಪಾದ್ರಿಗಳು ಹಣೆ ಒರೆಸಿಕೊಂಡರು.

ಗುಡಿಸಲಿನ ತುಂಬ ಕಿರಿಸ್ತಾನರು, ಆದರೆ ಒಂದು ಮಗು ಹಿಡಿಯಲು ಯೋಗ್ಯತೆ ಇದ್ದ ಹೆಂಗಸು ಒಬ್ಬಳೂ ಇಲ್ಲ. ಕೊನೆಗೆ ಗಂಟೆಯ ಮುದುಕನ ಕೈಗೆ ಕೊಟ್ಟೆವು. ಅವನು ಜೀವನದಲ್ಲಿ ಮಗು ಎತ್ತಿದವನಲ್ಲ, ಗಂಟೆಯ ಹಗ್ಗ ಹಿಡಿದ ಹಾಗೆ ಹಿಡಿದ. ಅವಳು ಮಲಗಿದಲ್ಲಿಂದಲೇ ನೋಡಿ ತುಟಿಯ ಮೂಲೆಯಲ್ಲಿ ನಕ್ಕಳು. ಅವಳು ನಕ್ಕದ್ದು ಅದೇ ಕೊನೆ. ಮಧ್ಯಾಹ್ನದ ಬಿಸಿಲು ಇಳಿಯುವ ಮೊದಲು ಹೋದಳು.

ಇಗರ್ಜಿಯ ಶ್ಮಶಾನದಲ್ಲಿ ಬೇಲಿಯ ಬದಿಯ ಜಾಗ ಕೊಟ್ಟರು, ಹೊರಗಿನವಳೆಂದು. ನಾನು ಗೇಟಿನ ಹೊರಗೆ ನಿಂತೆ. ಯಾರೂ ಒಳಗೆ ಬನ್ನಿ ಎನ್ನಲಿಲ್ಲ. ಕರೆದಿದ್ದರೂ ಹೋಗುತ್ತಿದ್ದೆನೋ ಇಲ್ಲವೋ, ಈಗ ಹೇಳಲಾರೆ.

ಕೆಲವು ದಿನ ಬಿಟ್ಟು ಗಂಡ ಶಾಲೆಗೆ ಬಂದ. ಮಕ್ಕಳು ಮನೆಗೆ ಹೋಗಿದ್ದರು. ಅವಳು ಕೂರುತ್ತಿದ್ದ ಜಗಲಿಯಲ್ಲೇ ಕೂತ. ಕೆಟ್ಟವನಲ್ಲ ಅವನು. ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ.

"ಅವಳು ಏನು ಹೇಳಿದಳು?"

"ಅದು ಹೇಳುವ ಹಾಗಿಲ್ಲ."

"ಪಾದ್ರಿಯ ಹತ್ತಿರ ನಾನು ಕೇಳಲಿಲ್ಲ. ಅವರ ಬಾಯಿಗೆ ಮುದ್ರೆ ಉಂಟು, ನನಗೂ ಗೊತ್ತು. ನಿಮಗೆ ಎಂತದು? ನಿಮ್ಮ ಸಭೆಯಲ್ಲಿ ಕುಂಬಸಾರವೇ ಇಲ್ಲ. ಕುಂಬಸಾರ ಇಲ್ಲದವರಿಗೆ ಮುದ್ರೆ ಎಲ್ಲಿಂದ ಬಂತು?"

ಬಿ.ಎ. ತರಗತಿಯಲ್ಲಿ ತರ್ಕಶಾಸ್ತ್ರ ಓದಿದವಳು ನಾನು. ಅವನು ಹೇಳಿದ್ದು ಸರಿಯೇ. ರೋಮಿನ ಕಾನೂನು ನನ್ನ ಮೇಲೆ ನಡೆಯುವುದಿಲ್ಲ, ನಮ್ಮ ಸಭೆಯಲ್ಲಿ ಅಂಥ ಕಾನೂನೇ ಇಲ್ಲ. ನನ್ನನ್ನು ಕಟ್ಟಿದ್ದು ನಾನು ಬಾಗಿಲಲ್ಲಿ ನಿಂತು ಹೇಳಿದ ಮಾತು ಮಾತ್ರ.

"ಮಾತು ಕೊಟ್ಟಿದ್ದೇನೆ," ಎಂದೆ.

"ಮಗುವಿನ ವಿಷಯವಾ? ಅಷ್ಟು ಹೇಳಿ. ನಾನು ಇಲ್ಲಿ ಗುಡ್ಡ ಕಡಿಯುವಾಗ ಅವಳು ಊರಲ್ಲಿದ್ದಳು. ತಿಂಗಳು ಲೆಕ್ಕ ಹಾಕಿದ್ರೆ ಒಮ್ಮೆ ಸರಿ ಬರ್ತದೆ, ಒಮ್ಮೆ ಬರುವುದಿಲ್ಲ. ಮಗುವಿನ ವಿಷಯ ಅಲ್ಲ ಅಂತಾದ್ರೂ ಹೇಳಿ. 'ಅಲ್ಲ' ಅಂದ್ರೆ ಸಾಕು, ಎದ್ದು ಹೋಗ್ತೇನೆ."

ನಾನು ಬಿಸಿಲಿನ ಮಾತು ಹೇಳಿದೆ. ಕೊನೆಗೆ ಅವಳು ನಿನ್ನನ್ನೇ ನೆನೆದಳು, ತಲೆಗೆ ಏನಾದರೂ ಹಾಕಿಕೊಳ್ಳಲು ಹೇಳಿದಳು ಎಂದೆ.

"ತಪ್ಪು ಮಾಡಿದವರಿಗೇ ಹಾಗೆ ಮರುಕ ಬರುವುದು," ಎಂದು ಎದ್ದು ಹೋದ.

ಸುದ್ದಿ ನಮ್ಮವರಿಗೂ ಮುಟ್ಟಿತು. ಕ್ರಿಸ್ಮಸ್ ರಜೆಯಲ್ಲಿ ಬಂಟ್ವಾಳಕ್ಕೆ ಹೋದಾಗ ಭಾನುವಾರದ ಆರಾಧನೆ ಮುಗಿದ ಮೇಲೆ ಸಭಾಹಿರಿಯರು ನನ್ನನ್ನು ಪಕ್ಕದ ಕೋಣೆಗೆ ಕರೆದರು. ಅವರಲ್ಲಿ ದೊಡ್ಡ ಬಾಯಿ ಕಾರ್ಖಾನೆಯ ಮೇಸ್ತ್ರಿಯದು.

"ಎಂತ ಮಗಳೇ, ಪೋಪನ ಕೆಲಸಕ್ಕೆ ಸೇರಿದೆಯಂತೆ?"

"ಸಾಯುವವಳ ಮಾತನ್ನು ಕನ್ನಡ ಮಾಡಿದೆ, ಅಷ್ಟೇ."

"ಮನುಷ್ಯ ಪಾಪ ಕ್ಷಮಿಸ್ತಾನಾ? ಅದನ್ನು ಬಿಡ್ಲಿಕ್ಕೇ ಅಲ್ವ ನಮ್ಮವರು ಬೇರೆಯಾದದ್ದು? ಬಿ.ಎ. ಓದಿ ನೀನು ಅಲ್ಲಿ ಹೋಗಿ ಕೂತದ್ದು!"

"ಕ್ಷಮಿಸಿದ್ದು ನಾನಲ್ಲ. ಅವಳಿಗೆ ಬೇಕಿತ್ತು, ನನಗೆ ಭಾಷೆ ಬರ್ತಿತ್ತು."

ಮೇಸ್ತ್ರಿ ಸ್ವಲ್ಪ ಮುಂದೆ ಬಾಗಿದ. "ಅಲ್ಲ... ಅಂಥದ್ದು ಎಂತ ಹೇಳಿದಳು ಅವಳು?"

ನನಗೆ ನಗು ತಡೆಯಲಾಗಲಿಲ್ಲ. "ಇದನ್ನು ಕೇಳ್ಲಿಕ್ಕೆ ಕರೆದದ್ದಾ?"

ಆ ನಗುವಿಗೆ ದಂಡ ಕಟ್ಟಬೇಕಾಯಿತು. ಮಾಡಿದ್ದು ತಪ್ಪೆಂದು ಒಪ್ಪಿಕೊಳ್ಳುವವರೆಗೆ, ಸಭೆಯವರೆಲ್ಲ ರೊಟ್ಟಿ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಬರಬಾರದು ಎಂದು ಸಭಾಪಾಲಕರು ಮೆಲ್ಲಗೆ, ಬೇಸರದಿಂದಲೇ ಹೇಳಿದರು. ನಾನು ಒಪ್ಪಿಕೊಳ್ಳಲಿಲ್ಲ. ರೊಟ್ಟಿಯ ತಟ್ಟೆ ನನ್ನ ಸಾಲಿಗೆ ಬಂದಾಗ ಪಕ್ಕದವಳು ನನ್ನನ್ನು ದಾಟಿಸಿ ಆಚೆಯವಳಿಗೆ ಕೊಡುವುದು ಅಭ್ಯಾಸವಾಯಿತು.

ಅಪ್ಪ ಮನೆಯಲ್ಲಿ ಕೇಳಿದರು. "ನನ್ನ ಹತ್ತಿರವೂ ಹೇಳುವುದಿಲ್ವ?"

"ಇಲ್ಲಪ್ಪ."

ಕೆಮ್ಮು ಇಳಿಯುವವರೆಗೆ ಕಾದು, "ಬಾಯಿ ಮುಚ್ಚಿ ಕೂರ್ಲಿಕ್ಕೆ ಇಷ್ಟು ಓದಬೇಕಾಗಿರಲಿಲ್ಲ," ಎಂದರು. ಆಮೇಲೆ, "ಆದರೆ ಮುಚ್ಚಿದ ಮೇಲೆ ತೆರೆಯಬೇಡ" ಎಂದರು.

ರಜೆ ಮುಗಿಸಿ ಹಳ್ಳಿಗೆ ಮರಳಿದಾಗ ಮಗು ಯಾಕೋಬಾಯದ ಹೆಂಗಸಿನ ಗುಡಿಸಲಿನಲ್ಲಿತ್ತು. ಗಂಡ ಮಗುವಿನ ಮು‍ಖ ನೋಡುವುದನ್ನು ಬಿಟ್ಟಿದ್ದ. ಅಕ್ಕಿ ತಂದು ಅವಳ ಬಾಗಿಲಲ್ಲಿಟ್ಟು ಒಳಗೆ ಇಣುಕದೆ ಹೋಗುತ್ತಿದ್ದ. ಅವಳಿಗೆ ತನ್ನದೇ ಮಕ್ಕಳಿದ್ದವು. "ಹೆಚ್ಚು ದಿನ ನನ್ನಿಂದ ಆಗುವುದಿಲ್ಲ ಟೀಚರೇ" ಎನ್ನುತ್ತಿದ್ದಳು. ಊರಿನ ಬಾಯಿಯೂ ಸುಮ್ಮನಿರಲಿಲ್ಲ. ಚಹದಂಗಡಿಯಲ್ಲಿ ಕೂತವರು ಮಗುವಿಗೆ ಅಪ್ಪಂದಿರನ್ನು ಹುಡುಕುತ್ತಿದ್ದರು. ಕೊನೆಗೆ ಗಂಡ ಪಾದ್ರಿಗಳ ಹತ್ತಿರ ಹೋಗಿ, ಮಂಗಳೂರಿನಲ್ಲಿ ಕನ್ಯಾಸ್ತ್ರೀಯರು ನಡೆಸುವ ಅನಾಥಾಲಯಕ್ಕೆ ಮಗುವನ್ನು ಕಳುಹಿಸಿಬಿಡಿ ಎಂದು ಕೇಳಿಕೊಂಡ. ಅಂಥ ಕಡೆ ಹೋದ ಎಳೆಯ ಮಕ್ಕಳಲ್ಲಿ ಎಷ್ಟೋ ಉಳಿಯುವುದಿಲ್ಲವೆಂದು ಆಗ ಎಲ್ಲರಿಗೂ ಗೊತ್ತಿತ್ತು. ಅವನಿಗೂ ಗೊತ್ತಿತ್ತು.

ನಾನು ಇಗರ್ಜಿಗೆ ನಡೆದು ಹೋದೆ. ಪಾದ್ರಿಗಳು ತೆಂಗಿನ ಬುಡಕ್ಕೆ ಬೂದಿ ಹಾಕಿಸುತ್ತಿದ್ದರು. ಕೆಲಸದವರನ್ನು ಆಚೆ ಕಳುಹಿಸಿ, "ಹೇಳಿ" ಎಂದರು.

"ಒಂದು ಮಾತು ಹೇಳ್ಲಿಕ್ಕೆ ನನಗೆ ಬಿಡ್ತೀರಾ ಫಾದರ್? ಹೌದು ಅಥವಾ ಅಲ್ಲ, ಎರಡರಲ್ಲಿ ಒಂದು. ಅವನಿಗೆ ಮಾತ್ರ."

"ಇಲ್ಲ."

"ಅದರಿಂದ ಮಗುವಿಗೆ ಒಳ್ಳೆಯದಾಗ್ತದಾದ್ರೆ?"

"'ಅಲ್ಲ' ಅನ್ನುವುದೂ ಮಾತೇ ಟೀಚರಮ್ಮ. ಇವತ್ತು ಒಬ್ಬನಿಗೆ 'ಅಲ್ಲ' ಅಂದ್ರೆ ನಾಳೆ ಇನ್ನೊಬ್ಬನ ಎದುರು ನೀವು ಸುಮ್ಮನಿದ್ದಾಗ ಅದಕ್ಕೆ ಅರ್ಥ ಬರ್ತದೆ. ಹಾಗಾದ್ರೆ ಯಾರು ಬಾಯಿಬಿಟ್ಟು ಹೇಳ್ತಾರೆ? ನಾನೂ ನಿದ್ದೆ ಬಿಟ್ಟಿದ್ದೇನೆ." ಅವರ ಕಣ್ಣ ಕೆಳಗೆ ಕಪ್ಪಾಗಿತ್ತು. ಸುಳ್ಳಲ್ಲ.

ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಇನ್ನೊಂದು ಮಾತು ತೆಗೆದೆ. "ಹಾಗಾದ್ರೆ ಮಗುವನ್ನು ನನಗೆ ಕೊಡಿ. ನನಗೆ ಸಂಬಳ ಉಂಟು. ಅಮ್ಮನನ್ನು ಕರೆಸಿಕೊಳ್ತೇನೆ. ನಾನು ಸಾಕ್ತೇನೆ, ಓದಿಸ್ತೇನೆ."

ಪಾದ್ರಿಗಳು ಕೈಯಲ್ಲಿದ್ದ ಬೂದಿ ಝಾಡಿಸಿಕೊಂಡರು. "ಅದು ನಮ್ಮ ಸಭೆಯಲ್ಲಿ ದೀಕ್ಷಾಸ್ನಾನ ಆದ ಮಗು. ನಿಮ್ಮ ಮನೆಯಲ್ಲಿ ಬೆಳೆದ್ರೆ ನಿಮ್ಮ ಸಭೆಗೆ ಹೋಗ್ತದೆ. ಅದರ ಆತ್ಮಕ್ಕೆ ಜವಾಬು ಕೊಡಬೇಕಾದವ ನಾನು. ಆಗ್ಲಿಕ್ಕಿಲ್ಲ."

"ಸಾಯುವವಳ ಪಾಪವನ್ನು ನನ್ನ ಬಾಯಿಗೆ ಕೊಟ್ರಿ. ಮಗುವನ್ನು ಕೈಗೆ ಕೊಡ್ಲಿಕ್ಕಾಗುವುದಿಲ್ವ?"

"ನಿಮ್ಮ ಮೇಲೆ ನನಗೆ ನಂಬಿಕೆ ಉಂಟು," ಎಂದರು ಅವರು. "ನಿಮ್ಮ ಸಭೆಯ ಮೇಲೆ ಇಲ್ಲ."

ನಮ್ಮ ಸಭೆಗೆ ನನ್ನ ಮೇಲೆಯೇ ನಂಬಿಕೆ ಇಲ್ಲ ಎಂದು ನಾನು ಅವರಿಗೆ ಹೇಳಲಿಲ್ಲ. ಆ ಮುದುಕರು ಕೆಟ್ಟವರೂ ಅಲ್ಲ, ಕಲ್ಲೆದೆಯವರೂ ಅಲ್ಲ. ಅವರಿಗೆ ಕಲಿಸಿದ್ದನ್ನು ಅವರು ನಂಬಿದ್ದರು, ಅಷ್ಟೇ. ಅವರ ಜೊತೆ ಜಗಳಕ್ಕೂ ದಾರಿಯಿರಲಿಲ್ಲ.

ಪರೀಕ್ಷೆ ಮುಗಿದ ವಾರ, ಏಪ್ರಿಲ್ ತಿಂಗಳಲ್ಲಿ, ಮಗುವನ್ನು ಕರೆದುಕೊಂಡು ಹೋಗಲು ಇಬ್ಬರು ಕನ್ಯಾಸ್ತ್ರೀಯರು ಬೆಳ್ತಂಗಡಿಗೆ ಬಂದರು. ಯಾಕೋಬಾಯದ ಹೆಂಗಸು ಮಗುವನ್ನು ಎತ್ತಿಕೊಂಡು, ಗಂಡ ಬಟ್ಟೆಯ ಗಂಟು ಹಿಡಿದುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದರು. ನಾನೂ ಹೋಗಿದ್ದೆ. ಮಗು ಆಗ ಮುಖ ಗುರುತಿಸುವಷ್ಟು ಬೆಳೆದಿತ್ತು. ನಾನು ಸಂಜೆ ಸಂಜೆ ಹೋಗಿ ಎತ್ತಿಕೊಳ್ಳುತ್ತಿದ್ದುದರಿಂದ ನನ್ನನ್ನು ಕಂಡದ್ದೇ ಬಾಯಿ ಅಗಲಿಸಿ ಕಾಲು ಬಡಿಯತೊಡಗಿತು.

ನಾನು ಒಂದು ಹೆಜ್ಜೆ ಮುಂದಿಟ್ಟೆ. ಗಂಡ ನಡುವೆ ಬಂದು ನಿಂತ.

"ಟೀಚರೇ, ಮಾತು ಬೇಡ. ನಿಮ್ಮ ಮಾತು ನಿಮ್ಮ ಹತ್ತಿರವೇ ಇರಲಿ. ಇದು ನಾನು ಇಟ್ಟುಕೊಳ್ಳಬೇಕಾದ ಮಗುವೇ ಆದ್ರೆ ಅದರ ತಲೆ ಒಮ್ಮೆ ಮುಟ್ಟಿ. ಬಸ್ಸು ಖಾಲಿ ಹೋಗಲಿ. ಎತ್ತಿಕೊಂಡು ಮನೆಗೆ ಹೋಗ್ತೇನೆ. ಅಲ್ಲ ಅಂತಾದ್ರೆ ಮುಟ್ಟಬೇಡಿ. ಯಾರಿಗೂ ಏನೂ ಗೊತ್ತಾಗುವುದಿಲ್ಲ."

ಅವನಿಗೆ ಮಗು ಬೇಕಾಗಿತ್ತು. ನಾನು ಮುಟ್ಟಲಿ ಎಂದು ಅವನು ದೇವರನ್ನು ಬೇಡುತ್ತಿದ್ದನೆಂದೇ ನನ್ನ ನಂಬಿಕೆ.

"ಮುಟ್ಟಿದ್ರೂ ಅದು ಉತ್ತರ ಅಲ್ಲ, ಮುಟ್ಟದಿದ್ರೂ ಅಲ್ಲ," ಎಂದೆ. "ನೀನು ಹಾಗೆ ತಿಳಿಯಬಾರದು."

"ನನಗೆ ಅದೇ ಉತ್ತರ."

ಕಂಡಕ್ಟರ್ ಬಸ್ಸಿನ ತಗಡು ಬಡಿದು "ಬಂಟ್ವಾಳ, ಮಂಗಳೂರು" ಎಂದು ಕೂಗಿದ. ಕನ್ಯಾಸ್ತ್ರೀಯರಲ್ಲಿ ಹಿರಿಯವರು ನಮ್ಮನ್ನು ನೋಡಿದರು. ಅವರಿಗೆ ಮಲಯಾಳ ಬರುತ್ತಿರಲಿಲ್ಲ. ಸತ್ಯ ಯಾವುದೇ ಇರಲಿ, ನಾನು ಮಾಡಬೇಕಾದದ್ದು ಒಂದೇ ಎಂದು ನನಗೆ ಗೊತ್ತಿತ್ತು. ಮಗು ಅವನದೇ ಆಗಿದ್ದರೂ ಅದೇ, ಅಲ್ಲದಿದ್ದರೂ ಅದೇ. ಗೋಡೆಯ ಕಡೆಗೆ ಮುಖ ಮಾಡಿ ಬಾಯಿ ಮುಚ್ಚಿಕೊಂಡವಳು ನನ್ನನ್ನು ನಂಬಿ ಬಾಯಿ ತೆರೆದಿದ್ದಳು.

ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡೆ.

ಯಾಕೋಬಾಯದ ಹೆಂಗಸು ಮಗುವನ್ನು ಕನ್ಯಾಸ್ತ್ರೀಯರ ಕೈಗೆ ದಾಟಿಸಿದಳು. ಮಗು ಅವರ ಹೆಗಲ ಮೇಲಿಂದ ನನ್ನ ಕಡೆಗೆ ಬಾಗಿ ಕೈ ಚಾಚಿತು. ದಿನಾ ಎತ್ತಿಕೊಳ್ಳುವವಳು ಈ ದಿನ ಯಾಕೆ ಎತ್ತುವುದಿಲ್ಲವೆಂದು ಅದಕ್ಕೆ ತಿಳಿಯಲಿಲ್ಲ. ಮೊದಲು ನಗುತ್ತಲೇ ಚಾಚಿತು, ಆಮೇಲೆ ಅಳುತ್ತ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಸ್ವಲ್ಪ ಹೊತ್ತು ಆ ಅಳು ಕೇಳಿಸಿತೋ, ನನಗೆ ಹಾಗೆ ಅನಿಸಿತೋ.

ಗಂಡ ಬಟ್ಟೆಯ ಗಂಟನ್ನು ಕೊಡಲು ಮರೆತಿದ್ದ. ಅದು ಅವನ ಕೈಯಲ್ಲೇ ಉಳಿಯಿತು. ಅವನು ಅದನ್ನು ನನ್ನ ಕಾಲ ಬಳಿ ಇಟ್ಟು, ನನ್ನ ಮುಖ ನೋಡದೆ, ಬಿಸಿಲಿನಲ್ಲಿ ಬರಿತಲೆಯಲ್ಲಿ ಗುಡ್ಡದ ದಾರಿ ಹಿಡಿದ.